ಸಾವಿರ ಗಜದ ಲೆಕ್ಕ: ಹಾರ್ನಡಿ 4ಡಿಒಎಫ್ ಆಪ್ ಬಳಸಿ ನೋಡಿದ ಮೇಲೆ

ಸಾವಿರ ಗಜ ದೂರದ ಗುರಿಯತ್ತ ಹಾರಿಸಿದ ರೈಫಲ್ ಗುಂಡು ಅಲ್ಲಿಗೆ ಮುಟ್ಟಲು ಒಂದೂವರೆ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹೊತ್ತು ಬೇಕು. ಅಷ್ಟರೊಳಗೆ ಅದು ನಳಿಗೆಯ ನೇರದಿಂದ ಮೂವತ್ತು ಅಡಿಗೂ ಹೆಚ್ಚು ಕೆಳಗಿಳಿದಿರುತ್ತದೆ, ಗಾಳಿ ತಳ್ಳಿದ ಕಡೆಗೆ ವಾಲಿರುತ್ತದೆ, ತನ್ನದೇ ತಿರುಗುವಿಕೆಯಿಂದ ಸುಮಾರು ಒಂದು ಗೇಣು ಬಲಕ್ಕೆ ಸರಿದಿರುತ್ತದೆ. ಈ ಎಲ್ಲವನ್ನೂ ಗುಂಡು ಹಾರಿಸುವ ಮೊದಲೇ ಲೆಕ್ಕ ಹಾಕಿ, ಸ್ಕೋಪಿನ (ಕೋವಿಯ ಮೇಲಿನ ದೂರದರ್ಶಕದ) ಟರೆಟ್ಟನ್ನು, ಅಂದರೆ ಗುರಿ ಹೊಂದಿಸುವ ತಿರುಗಣೆಯನ್ನು, ಎಷ್ಟು ಕ್ಲಿಕ್ ತಿರುಗಿಸಬೇಕೆಂದು ಹೇಳುವುದು ಬ್ಯಾಲಿಸ್ಟಿಕ್ಸ್ ಕ್ಯಾಲ್ಕುಲೇಟರ್ ಎಂಬ ಆಪ್‌ಗಳ ಕೆಲಸ. ಇಂತಹ ಆಪ್‌ಗಳು ಹಲವಾರಿವೆ. ಅವುಗಳಲ್ಲಿ ಗುಂಡು, ತೋಟಾ ತಯಾರಿಸುವ ಅಮೆರಿಕದ ಹಾರ್ನಡಿ ಕಂಪನಿ ಉಚಿತವಾಗಿ ಕೊಡುವ 4ಡಿಒಎಫ್ ಆಪನ್ನು ನಾನು ನಾಲ್ಕು ವರ್ಷಗಳಿಂದ ಬಳಸುತ್ತಿದ್ದೇನೆ. ಅದರ ಬಗ್ಗೆ ಕನ್ನಡದಲ್ಲಿ ವಿವರವಾಗಿ ಬರೆದದ್ದು ನನ್ನ ಕಣ್ಣಿಗೆ ಬೀಳಲಿಲ್ಲವಾದ್ದರಿಂದ ಈ ವಿಮರ್ಶೆ.

ನಾನು ಹುಟ್ಟಿ ಬೆಳೆದದ್ದು ಕೊಡಗಿನ ವಿರಾಜಪೇಟೆಯ ಕಡೆ. ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ (ಕೋವಿ ಹೂ) ಇಟ್ಟು ಪೂಜೆ ಮಾಡಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೋಡುತ್ತ ಬೆಳೆದವನಿಗೆ ಕೋವಿ ಹೊಸದಲ್ಲ. ಆದರೆ ಸಾವಿರ ಗಜ ಎಂಬ ದೂರ ಹೊಸದು. ಕೆಲಸಕ್ಕೆಂದು ಅಮೆರಿಕಕ್ಕೆ ಬಂದು, ಗ್ರೀನ್ ಕಾರ್ಡ್ ಕೈಸೇರಿದ ಮೇಲೆ, ಅರಿಜೋನಾದ ಫೀನಿಕ್ಸ್ ನಗರದ ಉತ್ತರಕ್ಕಿರುವ ಬೆನ್ ಏವರಿ ಶೂಟಿಂಗ್ ಕೇಂದ್ರಕ್ಕೆ ಹೋಗಲಾರಂಭಿಸಿದೆ. ರಾಜ್ಯದ ವನ್ಯಜೀವಿ ಇಲಾಖೆ ನಡೆಸುವ ಈ ಕೇಂದ್ರದಲ್ಲಿ ಸಾವಿರ ಗಜದ ರೇಂಜ್ ಇದೆ. ಪ್ರತಿ ಫೆಬ್ರವರಿಯಲ್ಲಿ ಸೌತ್‌ವೆಸ್ಟ್ ನ್ಯಾಷನಲ್ಸ್ ಎಂಬ ದೊಡ್ಡ ಸ್ಪರ್ಧೆ ಅಲ್ಲಿಯೇ ನಡೆಯುತ್ತದೆ. ನಾನು ಹೊಡೆಯುವುದು ಎಫ್ ಕ್ಲಾಸ್ ಎಂಬ ದೂರದ ಗುರಿಯ ಸ್ಪರ್ಧೆಯ ಎಫ್‌ಟಿಆರ್ ವಿಭಾಗದಲ್ಲಿ: .308 ಅಥವಾ .223 ತೋಟಾ ಮಾತ್ರ, ಸ್ಕೋಪ್ ಮತ್ತು ಬೈಪಾಡ್ (ನಳಿಗೆಯ ಕೆಳಗಿನ ಎರಡು ಕಾಲಿನ ಆಸರೆ) ಸೇರಿ ಕೋವಿಯ ತೂಕ 8.25 ಕಿಲೊ ಮೀರುವಂತಿಲ್ಲ. ಗುರಿಯ ಹತ್ತು ಅಂಕದ ವೃತ್ತದ ಅಗಲ ಹತ್ತು ಅಂಗುಲ, ಅದರೊಳಗಿನ ಎಕ್ಸ್ ವೃತ್ತ ಐದು ಅಂಗುಲ. ಊಟದ ತಟ್ಟೆಯಷ್ಟಗಲದ ಒಂದು ವೃತ್ತವನ್ನು ಒಂಬತ್ತು ನೂರು ಮೀಟರಿಗೂ ಹೆಚ್ಚು ದೂರದಿಂದ ಮುಟ್ಟಬೇಕು ಎಂದರೆ ಲೆಕ್ಕ ಏಕೆ ಬೇಕೆಂದು ಓದುಗರಿಗೆ ಅರ್ಥವಾದೀತು.

ಈ ಆಪ್‌ನ ವಿಶೇಷ ತಿಳಿಯಬೇಕಾದರೆ ಹಳೆಯ ಲೆಕ್ಕದ ಪದ್ಧತಿ ತಿಳಿದಿರಬೇಕು. ಗುಂಡಿಗೆ ಗಾಳಿ ಒಡ್ಡುವ ತಡೆಯನ್ನು ಅಳೆಯುವುದು ಕಷ್ಟದ ಕೆಲಸವಾದ್ದರಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಒಂದು ಉಪಾಯ ರೂಢಿಗೆ ಬಂತು. ಒಂದು ಮಾದರಿ ಗುಂಡಿನ ತಡೆಯನ್ನು ಎಚ್ಚರಿಕೆಯಿಂದ ಅಳೆದಿಟ್ಟುಕೊಂಡು, ಬೇರೆ ಗುಂಡುಗಳನ್ನು 'ಅದರ ಇಷ್ಟು ಪಾಲು' ಎಂದು ಒಂದೇ ಅಂಕಿಯಲ್ಲಿ ಹೇಳುವುದು ಆ ಉಪಾಯ. ಆ ಅಂಕಿಯೇ ಬ್ಯಾಲಿಸ್ಟಿಕ್ ಕೋಎಫಿಶಿಯೆಂಟ್, ಚಿಕ್ಕದಾಗಿ ಬಿ.ಸಿ. ಚಪ್ಪಟೆ ಬುಡದ ಮಾದರಿ ಗುಂಡಿಗೆ ಜಿ1 ಎಂದೂ, ದೋಣಿಯ ಹಿಂಬದಿಯಂತೆ ಬುಡ ಕಿರಿದಾದ ಉದ್ದ ಗುಂಡಿನ ಮಾದರಿಗೆ ಜಿ7 ಎಂದೂ ಹೆಸರು. ಇಂದಿನ ಸ್ಪರ್ಧೆಗಳ ಗುಂಡುಗಳಿಗೆ ಜಿ7 ಹೆಚ್ಚು ಹತ್ತಿರದ್ದು. ಆದರೂ ಅದು ಇನ್ನೊಂದು ಗುಂಡಿನ ಅಂಗಿಯನ್ನು ಹಿಗ್ಗಿಸಿ ಕುಗ್ಗಿಸಿ ನಮ್ಮ ಗುಂಡಿಗೆ ತೊಡಿಸಿದ ಹಾಗೆ. ಗುಂಡು ಶಬ್ದದ ವೇಗಕ್ಕೆ ಸಮೀಪಿಸುವಾಗ, ಅಂದರೆ .308ರ ಗುಂಡಿಗೆ ಸಾವಿರ ಗಜದ ಆಚೀಚೆ, ಆ ಅಂಗಿ ಎಲ್ಲೆಲ್ಲಿ ಸಡಿಲವೆಂಬುದು ಕಾಣತೊಡಗುತ್ತದೆ.

ಹಾರ್ನಡಿ ಕಂಪನಿ 2016ರಲ್ಲಿ ಹೊರತಂದ 4ಡಿಒಎಫ್ ಈ ಒಂದೇ ಅಂಕಿಯ ಪದ್ಧತಿಯನ್ನು ಬಿಟ್ಟುಕೊಟ್ಟಿತು. ನೆಬ್ರಾಸ್ಕಾದ ಗ್ರ್ಯಾಂಡ್ ಐಲೆಂಡ್‌ನಲ್ಲಿರುವ ಈ ಕಂಪನಿಯವರು ಡಾಪ್ಲರ್ ರಾಡಾರ್ ಇಟ್ಟು, ಹಾರುತ್ತಿರುವ ಗುಂಡಿನ ವೇಗವನ್ನು ದಾರಿಯುದ್ದಕ್ಕೂ ಅಳೆದು, ಪ್ರತಿ ಗುಂಡಿಗೂ ಅದರದೇ ಆದ ತಡೆಯ ರೇಖೆಯನ್ನು ಸಿದ್ಧಪಡಿಸಿದರು. ಇದೇ ರಾಡಾರ್ ಕೆಲಸದಿಂದ ಅವರಿಗೆ ಇನ್ನೊಂದು ವಿಷಯ ಗೊತ್ತಾದದ್ದು ಇಲ್ಲಿ ಹೇಳಬೇಕಾದದ್ದೇ: ಗುಂಡಿನ ತುದಿಯಲ್ಲಿದ್ದ ಪ್ಲಾಸ್ಟಿಕ್ ಮೊನೆ ಗಾಳಿಯ ಘರ್ಷಣೆಯ ಕಾವಿಗೆ ಮೆತ್ತಗಾಗಿ ರೂಪಗೆಡುತ್ತಿತ್ತು. ಆ ಕಾವನ್ನು ತಾಳುವ ಹೊಸ ಮೊನೆಯೊಂದಿಗೆ ಬಂದವೇ ಇಎಲ್‌ಡಿ ಸಾಲಿನ ಗುಂಡುಗಳು. ನಾನು ಬಳಸುವುದು ಅದೇ ಸಾಲಿನ 178 ಗ್ರೇನ್ ತೂಕದ ಗುಂಡು. ಗ್ರೇನ್ ಎಂದರೆ ಕಾಳು; ನಮ್ಮ ಚಿನಿವಾರರ ಗುಲಗಂಜಿಯಂತೆ ಕಾಳಿನಿಂದ ಹುಟ್ಟಿದ ತೂಕ. 178 ಗ್ರೇನ್ ಎಂದರೆ ಹನ್ನೊಂದೂವರೆ ಗ್ರಾಂ.

ಆಪ್‌ನ ಹೆಸರಿನಲ್ಲಿರುವ ಡಿಒಎಫ್ ಎಂದರೆ ಡಿಗ್ರೀಸ್ ಆಫ್ ಫ್ರೀಡಮ್, ಅಂದರೆ ಚಲನೆಯ ಸ್ವತಂತ್ರ ಬಗೆಗಳು. ಆ ನಾಲ್ಕು ಯಾವುವೆಂದರೆ, ದೂರ, ಎತ್ತರ, ಅಡ್ಡ ಎಂಬ ಸಾಮಾನ್ಯವಾದ ಮೂರು ಮತ್ತು ಗುಂಡಿನ ಮೂಗು ಅದು ಸಾಗುವ ದಾರಿಯಿಂದ ಎಷ್ಟು ಓರೆಯಾಗಿದೆ ಎಂಬ ನಾಲ್ಕನೆಯದು. ಮೊದಲ ಮೂರನ್ನು ಮಾತ್ರ ಗಮನಿಸುವ ಲೆಕ್ಕಕ್ಕೆ ಗುಂಡೆಂದರೆ ಬರಿಯ ಒಂದು ಬಿಂದು. ನಾಲ್ಕನೆಯದು ಸೇರಿದಾಗ ಅದು ಬುಗುರಿಯಂತೆ ತಿರುಗುತ್ತ ಮೂಗನ್ನು ಅತ್ತಿತ್ತ ಹೊರಳಿಸುವ ವಸ್ತುವಾಗುತ್ತದೆ. ಇದೆಲ್ಲವನ್ನೂ ಫೋನು ಕಣ್ಣು ಮುಚ್ಚಿ ತೆರೆಯುವುದರೊಳಗೆ ಮಾಡಿ ಮುಗಿಸುತ್ತದೆ ಎಂಬುದನ್ನು ನಾನು ಹಗುರವಾಗಿ ಕಾಣಲಾರೆ. ಎನಿಯಾಕ್ ಎಂಬ ಮೊದಮೊದಲ ವಿದ್ಯುನ್ಮಾನ ಗಣಕವನ್ನು ಅಮೆರಿಕದ ಸೈನ್ಯ ಮಾಡಿಸಿದ್ದೇ ಫಿರಂಗಿಗಳ ಇಂತಹ ಕೋಷ್ಟಕಗಳಿಗಾಗಿ. ಅರುವತ್ತು ಸೆಕೆಂಡಿನ ಒಂದು ಹಾರಾಟವನ್ನು ಮೇಜಿನ ಮೇಲಿನ ಲೆಕ್ಕದ ಯಂತ್ರದಲ್ಲಿ ಬಿಡಿಸಲು ನುರಿತವರಿಗೆ ಸುಮಾರು 20 ಗಂಟೆ ಹಿಡಿಯುತ್ತಿತ್ತು. 1946ರಲ್ಲಿ ಲೋಕಕ್ಕೆ ಪರಿಚಯಿಸಲ್ಪಟ್ಟ ಎನಿಯಾಕ್ ಅದನ್ನು 30 ಸೆಕೆಂಡಿಗೆ ಇಳಿಸಿತು.

ಆಪನ್ನು ತೆರೆದ ಕೂಡಲೇ ಅದು ಕೇಳುವ ಪ್ರಶ್ನೆಗಳು ಹೆಚ್ಚೇನಲ್ಲ. ಗುಂಡನ್ನು ಅದರ ಪಟ್ಟಿಯಿಂದ ಆರಿಸಬೇಕು. ನಳಿಗೆಯ ಬಾಯಿಯಿಂದ ಹೊರಡುವ ವೇಗ, ನಳಿಗೆಯೊಳಗಿನ ಸುರುಳಿ ಗೆರೆಗಳ ತಿರುವು, ನಳಿಗೆಯ ಮಧ್ಯದಿಂದ ಸ್ಕೋಪಿನ ಮಧ್ಯಕ್ಕೆ ಇರುವ ಎತ್ತರ, ಕೋವಿಯನ್ನು ಸೊನ್ನೆಗೆ ಹೊಂದಿಸಿದ ದೂರ (ಗುರಿಯಿಟ್ಟಲ್ಲಿಯೇ ಗುಂಡು ಬೀಳುವಂತೆ ಹೊಂದಿಸಿದ ದೂರ) ಇವನ್ನು ಕೊಡಬೇಕು. ಬಳಿಕ ಉಷ್ಣಾಂಶ, ಗಾಳಿಯ ಒತ್ತಡ, ತೇವಾಂಶ, ಗಾಳಿಯ ವೇಗ ಮತ್ತು ದಿಕ್ಕು. ಉತ್ತರ ಕೋನದ ಅಳತೆಗಳಾದ ಎಂಒಎಯಲ್ಲಿ ಬೇಕೇ ಮಿಲ್‌ನಲ್ಲಿ ಬೇಕೇ ಎಂಬುದು ನಮ್ಮ ಸ್ಕೋಪಿಗೆ ಬಿಟ್ಟದ್ದು. ನನ್ನದು ಎಂಒಎ, ಅಂದರೆ ಒಂದು ಡಿಗ್ರಿಯ ಅರುವತ್ತನೆಯ ಒಂದು ಪಾಲು. ಸಾವಿರ ಗಜದಲ್ಲಿ ಅದು ಸುಮಾರು ಹತ್ತೂವರೆ ಅಂಗುಲವಾಗುತ್ತದೆ. ಇದೇ ಲೆಕ್ಕ ಕಂಪನಿಯ ಜಾಲತಾಣದಲ್ಲಿಯೂ ಉಚಿತವಾಗಿ ಸಿಗುತ್ತದೆ. ಸ್ಪರ್ಧೆಯ ಹಿಂದಿನ ರಾತ್ರಿ ಅಲ್ಲಿಂದ ಕೋಷ್ಟಕ ತೆಗೆದು, ಕಾಗದಕ್ಕೆ ಇಳಿಸಿ, ಕೋವಿಯ ಹಿಡಿಗೆ ಅಂಟಿಸಿಕೊಂಡು ಹೋಗುವುದು ನನ್ನ ಅಭ್ಯಾಸ. ಅರಿಜೋನಾದ ಬೇಸಿಗೆಯ ಬಿಸಿಲಿನಲ್ಲಿ ಚಾಪೆಯ ಮೇಲಿಟ್ಟ ಯಾವ ಫೋನೂ ಹೆಚ್ಚು ಹೊತ್ತು ಬಾಳುವುದಿಲ್ಲ. ಕಾವು ಏರಿ ಪರದೆ ಕಪ್ಪಾಗುತ್ತದೆ.

ಈ ಪ್ರಶ್ನೆಗಳಲ್ಲಿ ನಮ್ಮನ್ನು ಕೆಡಿಸುವುದು ಎರಡು. ಮೊದಲನೆಯದು ಗುಂಡು ಹೊರಡುವ ವೇಗ. ತೋಟಾ ಪೆಟ್ಟಿಗೆಯ ಮೇಲೆ ಸೆಕೆಂಡಿಗೆ 2,600 ಅಡಿ ಎಂದು ಅಚ್ಚಾಗಿದ್ದುದನ್ನೇ ನಾನು ಮೊದಲ ವರ್ಷ ಆಪ್‌ಗೆ ತುಂಬಿದ್ದೆ. ಅದು ಕಂಪನಿಯ ಪರೀಕ್ಷಾ ನಳಿಗೆಯ ವೇಗ. ನನ್ನ ಕೋವಿಯ ನಳಿಗೆ ಬೇರೆ ಉದ್ದದ್ದು. ಗೆಳೆಯರೊಬ್ಬರ ಗಾರ್ಮಿನ್ ಕ್ಸೀರೋ ರಾಡಾರ್ ಮಾಪಕವನ್ನು ಪಕ್ಕದಲ್ಲಿಟ್ಟು ಇಪ್ಪತ್ತು ಗುಂಡು ಹಾರಿಸಿದಾಗ ಸರಾಸರಿ 2,622 ಅಡಿ ಬಂತು. ಇಪ್ಪತ್ತೆರಡು ಅಡಿ ಎಂದರೆ ನೂರಕ್ಕೆ ಒಂದು ಪಾಲೂ ಅಲ್ಲ. ಆದರೆ ಸಾವಿರ ಗಜದಲ್ಲಿ ಅಷ್ಟೇ ವ್ಯತ್ಯಾಸ ಗುಂಡನ್ನು ಏಳು ಅಂಗುಲದಷ್ಟು ಮೇಲೆ ಕೂರಿಸುತ್ತದೆ. ಹತ್ತರ ವೃತ್ತದ ಅಂಚು ನಡುವಿನಿಂದ ಇರುವುದು ಐದೇ ಅಂಗುಲ. ಆದ್ದರಿಂದ ವೇಗಮಾಪಕವಿಲ್ಲದೆ ಈ ಆಪನ್ನು ಬಳಸುವವರಿಗೆ ಅದರ ರಾಡಾರ್ ರೇಖೆಯ ನಿಖರತೆಯಿಂದ ಪ್ರಯೋಜನವೇ ಇಲ್ಲವೆಂದು ನನ್ನ ಅಭಿಪ್ರಾಯ. ಹೊಸಬರು ದುಬಾರಿ ಸ್ಕೋಪಿಗೆ ಹಣ ಕೂಡಿಡುವ ಮೊದಲು ವೇಗಮಾಪಕವನ್ನು ಎರವಲಾದರೂ ಪಡೆಯಬೇಕು.

ಎರಡನೆಯದು ಗಾಳಿಯ ಒತ್ತಡ. 4ಡಿಒಎಫ್‌ಗೆ ಬರುವ ಮೊದಲು ನಾನು ಬೇರೊಂದು ಆಪ್ ಬಳಸುತ್ತಿದ್ದ ಕಾಲದಲ್ಲಿ ನ್ಯೂ ಮೆಕ್ಸಿಕೋದ ರಟೋನ್ ಬಳಿಯ ವಿಟಿಂಗ್ಟನ್ ಸೆಂಟರ್‌ಗೆ ಮೊದಲ ಬಾರಿ ಹೋಗಿದ್ದೆ. ಸಮುದ್ರಮಟ್ಟದಿಂದ ಸುಮಾರು 6,600 ಅಡಿ ಎತ್ತರದಲ್ಲಿರುವ ಆ ಜಾಗದಲ್ಲಿ ಗಾಳಿ ತೆಳು. ಫೋನಿನ ಹವಾಮಾನದ ಪುಟದಲ್ಲಿ ಒತ್ತಡ 30.1 ಅಂಗುಲ ಪಾದರಸ ಎಂದಿತ್ತು, ಅದನ್ನೇ ತುಂಬಿದೆ. ಹವಾಮಾನ ವರದಿಗಳು ಕೊಡುವ ಒತ್ತಡ ಸಮುದ್ರಮಟ್ಟಕ್ಕೆ ಹೊಂದಿಸಿ ಹೇಳಿದ್ದು. ನಿಂತ ನೆಲದಲ್ಲಿ ನಿಜವಾಗಿ ಇರುವ ಒತ್ತಡ, ಅಂದರೆ ಸ್ಟೇಷನ್ ಪ್ರೆಶರ್, ಅಂದು 23.6ರ ಆಸುಪಾಸಿನಲ್ಲಿತ್ತು. ಆಪ್ ನನ್ನ ಮಾತನ್ನು ನಂಬಿ, ಸಮುದ್ರದಂಡೆಯ ದಟ್ಟ ಗಾಳಿಯಲ್ಲಿ ಹೊಡೆಯುತ್ತಿದ್ದೇನೆಂದು ಭಾವಿಸಿ, ನಾಲ್ಕು ಎಂಒಎಗೂ ಹೆಚ್ಚು ಮೇಲಕ್ಕೆ ತಿರುಗಿಸಲು ಹೇಳಿತು. ಮೊದಲ ಎರಡು ಗುಂಡು ಆರಡಿ ಎತ್ತರದ ಗುರಿಯ ಚೌಕಟ್ಟಿನ ಮೇಲಿನಿಂದ ಹಾದು ಹಿಂದಿನ ಮಣ್ಣಿನ ದಿಬ್ಬಕ್ಕೆ ಬಿದ್ದವು. ಆ ಎರಡು ಗುಂಡುಗಳ ನೆನಪು ನನಗೆ ಇನ್ನೂ ನೋವು ಕೊಡುತ್ತದೆ. ಏಕೆಂದರೆ ತಪ್ಪು ಆಪ್‌ನದಲ್ಲ, ಗಾಳಿಯದೂ ಅಲ್ಲ. ಅಂದಿನಿಂದ ನಾನು ಕೆಸ್ಟ್ರೆಲ್ ಎಂಬ ಪುಟ್ಟ ಹವಾಮಾನ ಮಾಪಕವನ್ನು ಕೊರಳಿಗೆ ತೂಗುಹಾಕಿಕೊಂಡು, ನಿಂತ ಜಾಗದ ಒತ್ತಡವನ್ನೇ ಓದಿ ತುಂಬುತ್ತೇನೆ. ಯಾವ ಆಪ್ ಆದರೂ ತಾನು ಕೇಳುತ್ತಿರುವುದು ಯಾವ ಒತ್ತಡವೆಂದು ಮೊದಲು ಖಚಿತಮಾಡಿಕೊಳ್ಳಿ.

ಈ ಎರಡನ್ನೂ ಸರಿಪಡಿಸಿಕೊಂಡ ಮೇಲೆ 4ಡಿಒಎಫ್ ಕೊಟ್ಟ ಉತ್ತರಗಳು ನನ್ನ ನೋಟುಪುಸ್ತಕದಲ್ಲಿವೆ. ನೂರು ಗಜಕ್ಕೆ ಸೊನ್ನೆ ಹೊಂದಿಸಿದ ಕೋವಿಗೆ, ಸಾವಿರ ಗಜದಲ್ಲಿ, ಬೆನ್ ಏವರಿಯ ಜನವರಿ ಬೆಳಗಿನ ಚಳಿಯಲ್ಲಿ 35 ಎಂಒಎ. ಅದೇ ಜಾಗದಲ್ಲಿ ಬೇಸಿಗೆಯ 38 ಡಿಗ್ರಿ ಸೆಲ್ಸಿಯಸ್‌ನಲ್ಲಿ 33. ರಟೋನ್‌ನಲ್ಲಿ ಜುಲೈ ತಿಂಗಳಿನಲ್ಲಿ 30 ಮುಕ್ಕಾಲು. ಒಂದೇ ಕೋವಿ, ಒಂದೇ ತೋಟಾ, ಒಂದೇ ದೂರ. ಗಾಳಿಯ ದಟ್ಟಣೆಯೊಂದು ಬದಲಾದದ್ದಕ್ಕೆ ನಾಲ್ಕಕ್ಕೂ ಹೆಚ್ಚು ಎಂಒಎ ವ್ಯತ್ಯಾಸ, ಅಂದರೆ ಗುರಿಯ ಮೇಲೆ ಮೂರುವರೆ ಅಡಿಗೂ ಹೆಚ್ಚು. ರಟೋನ್‌ಗೆ ಎರಡನೆಯ ಬಾರಿ ಹೋದಾಗ ಆಪ್ ಹೇಳಿದಷ್ಟೇ ತಿರುಗಿಸಿ ಹಾರಿಸಿದ ಮೊದಲ ಗುಂಡು ಒಂಬತ್ತರ ವೃತ್ತದಲ್ಲಿ, ನಡುವಿನಿಂದ ಒಂದಿಷ್ಟು ಕೆಳಗೆ ಕೂತಿತು. ಆ ಕೆಳಗೆ ಬಿದ್ದುದಕ್ಕೂ ಒಂದು ಕಾರಣವಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಅದಕ್ಕೂ ಮೊದಲು ಗಾಳಿಯ ಮಾತು. ಈ ಆಪ್‌ನ ಬಗ್ಗೆ ನನಗಿರುವ ಮೆಚ್ಚುಗೆಯ ದೊಡ್ಡ ಪಾಲು ಅದು ಅಡ್ಡಗಾಳಿಯನ್ನು ನಡೆಸಿಕೊಳ್ಳುವ ರೀತಿಯಲ್ಲಿದೆ. ಅಡ್ಡಗಾಳಿ ಗುಂಡನ್ನು ಪಕ್ಕಕ್ಕೆ ಮಾತ್ರ ತಳ್ಳುತ್ತದೆ ಎಂದು ನಾನು ಬಹುಕಾಲ ನಂಬಿದ್ದೆ. ನಿಜಕ್ಕೂ ಅದು ಗುಂಡನ್ನು ಸ್ವಲ್ಪ ಎತ್ತುತ್ತದೆ ಅಥವಾ ಇಳಿಸುತ್ತದೆ. ಗುಂಡು ನಳಿಗೆಯಿಂದ ಹೊರಬಿದ್ದ ಕ್ಷಣದಲ್ಲಿ ಅಡ್ಡಗಾಳಿಗೆ ಮೂಗು ತಿರುಗಿಸಬೇಕಾಗುತ್ತದೆ; ಆದರೆ ಬುಗುರಿಯನ್ನು ಒಂದು ಕಡೆಗೆ ತಳ್ಳಿದರೆ ಅದು ಅದಕ್ಕೆ ಅಡ್ಡವಾದ ಇನ್ನೊಂದು ಕಡೆಗೆ ವಾಲುವಂತೆ, ತಿರುಗುತ್ತಿರುವ ಗುಂಡಿನ ಮೂಗು ಮೇಲಕ್ಕೋ ಕೆಳಕ್ಕೋ ಹೊರಳಿ, ದಾರಿಯೇ ಅಷ್ಟು ಓರೆಯಾಗುತ್ತದೆ. ಬಲಕ್ಕೆ ತಿರುಗುವ ಗುಂಡಾದರೆ, ಬಲದಿಂದ ಬೀಸುವ ಗಾಳಿಯಲ್ಲಿ ಗುಂಡು ಮೇಲೆ, ಎಡದಿಂದ ಬೀಸುವ ಗಾಳಿಯಲ್ಲಿ ಕೆಳಗೆ. ಗಡಿಯಾರದ ಮುಖದ ಮೇಲೆ ಹೇಳುವುದಾದರೆ ರಂಧ್ರಗಳು ಒಂಬತ್ತರಿಂದ ಮೂರಕ್ಕೆ ಅಡ್ಡಸಾಲಾಗಿ ಬೀಳದೆ, ಹತ್ತರಿಂದ ನಾಲ್ಕಕ್ಕೆ ಓರೆಸಾಲಾಗಿ ಬೀಳುತ್ತವೆ. ನನ್ನ ಗುಂಡಿಗೆ ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿಯಲ್ಲಿ ಇದು ಸುಮಾರು 0.4 ಎಂಒಎ, ಸಾವಿರ ಗಜದಲ್ಲಿ ನಾಲ್ಕು ಅಂಗುಲ. ಬೆನ್ ಏವರಿಯಲ್ಲಿ ಮಧ್ಯಾಹ್ನ ಗಾಳಿ ದಿಕ್ಕು ಬದಲಿಸಿದಾಗಲೆಲ್ಲ ನನ್ನ ಗುಂಡುಗಳು ಏಕೆ ಮೇಲೆ ಕೆಳಗೆ ಚೆದುರುತ್ತಿದ್ದವೆಂದು ನಾನು ಎರಡು ವರ್ಷ ತಲೆ ಕೆಡಿಸಿಕೊಂಡಿದ್ದೆ. ಉಸಿರಾಟದ ದೋಷವೆಂದುಕೊಂಡಿದ್ದೆ, ತೋಟಾಗಳ ದೋಷವೆಂದುಕೊಂಡಿದ್ದೆ. ಈ ಆಪ್‌ನಲ್ಲಿ ಗಾಳಿಯ ದಿಕ್ಕನ್ನು ಎಡದಿಂದ ಬಲಕ್ಕೆ ಬದಲಿಸಿ ನೋಡಿದಾಗ, ಎತ್ತರದ ಅಂಕಿಯೂ ಅದರೊಡನೆ ಕದಲಿದ್ದನ್ನು ಕಂಡು ಕುಳಿತಲ್ಲಿಯೇ ನನಗೆ ಅರ್ಥವಾಯಿತು.

ಇಷ್ಟಾದರೂ ಗಾಳಿ ಎಷ್ಟಿದೆ ಎಂಬುದನ್ನು ಆಪ್ ಹೇಳಲಾರದು. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ ನನ್ನ ಗುಂಡನ್ನು ಸಾವಿರ ಗಜದಲ್ಲಿ ಸುಮಾರು ಏಳು ಅಡಿ ತಳ್ಳುತ್ತದೆ; ಒಂದು ಮೈಲಿಗೆ ಎಂಟು ಅಂಗುಲ ಎಂದಿಟ್ಟುಕೊಳ್ಳಬಹುದು. ನನ್ನ ಅಂದಾಜು ಒಂದೇ ಒಂದು ಮೈಲಿ ತಪ್ಪಿದರೆ ನಡುವಿಗೆ ಹೋಗಬೇಕಾದ ಗುಂಡು ಒಂಬತ್ತರ ವೃತ್ತಕ್ಕೆ ಬೀಳುತ್ತದೆ. ಕೊರಳಿನ ಕೆಸ್ಟ್ರೆಲ್ ಅಳೆಯುವುದು ನನ್ನ ಬಳಿಯ ಗಾಳಿಯನ್ನು ಮಾತ್ರ; ಮುನ್ನೂರು ಗಜದ ತಗ್ಗಿನಲ್ಲಿ, ಎಂಟುನೂರು ಗಜದ ಬಯಲಿನಲ್ಲಿ ಏನಾಗುತ್ತಿದೆ ಎಂಬುದನ್ನು ಬಾವುಟಗಳೂ ಸ್ಕೋಪಿನಲ್ಲಿ ಕಾಣುವ ಬಿಸಿಲ ಝಳದ ಓಟವೂ ಹೇಳಬೇಕು. ಆದ್ದರಿಂದ ನಾನು ಆಪ್‌ನಲ್ಲಿ ಅಂದಿನ ಗಾಳಿಯನ್ನು ತುಂಬುವುದನ್ನೇ ಬಿಟ್ಟಿದ್ದೇನೆ. ಅದರ ಬದಲು ಒಂದು ಮೈಲಿಗೆ ಎಷ್ಟು ಎಂಬ ಒಂದೇ ಅಂಕಿಯನ್ನು ತೆಗೆದು ಕಾಗದದ ಮೇಲೆ ಬರೆದುಕೊಂಡು, ಉಳಿದ ಗುಣಾಕಾರವನ್ನು ಬಾವುಟ ನೋಡುತ್ತ ಮನಸ್ಸಿನಲ್ಲಿಯೇ ಮಾಡುತ್ತೇನೆ. ಗಾಳಿಯ ಅಂಕಿಯನ್ನು ಫೋನಿನಲ್ಲಿ ತಿದ್ದುತ್ತ ಕೂತವರು ಬಾವುಟ ತಿರುಗಿದ್ದನ್ನು ಕಾಣದೆ ಹೋಗುವುದನ್ನು ನಾನು ಬಹಳ ಸಲ ನೋಡಿದ್ದೇನೆ.

ಇನ್ನು ಕೆಳಗೆ ಬಿದ್ದ ಗುಂಡಿನ ಕತೆ. ಆಪ್‌ನಲ್ಲಿ ಆಕ್ಸಿಯಲ್ ಫಾರ್ಮ್ ಫ್ಯಾಕ್ಟರ್ ಎಂಬ ಒಂದು ಹೊಂದಾಣಿಕೆ ಇದೆ. ರಾಡಾರ್‌ನಿಂದ ಅಳೆದ ತಡೆಯ ರೇಖೆಗೂ ನಮ್ಮ ನಳಿಗೆಯಿಂದ ಹೊರಡುವ ಗುಂಡಿಗೂ ಸಣ್ಣ ವ್ಯತ್ಯಾಸವಿರಬಹುದಾದ್ದರಿಂದ, ದೂರದಲ್ಲಿ ಕಂಡ ಫಲಿತಾಂಶಕ್ಕೆ ತಕ್ಕಂತೆ ಆ ರೇಖೆಯನ್ನು ತುಸು ಮೇಲೆ ಕೆಳಗೆ ಮಾಡಲು ಇಟ್ಟಿರುವ ಅಂಕಿ ಅದು. ಮೊದಲಿಗೆ ಅದು 1 ಆಗಿರುತ್ತದೆ. ಸಾವಿರ ಗಜದಲ್ಲಿ ನನ್ನ ಗುಂಡುಗಳು ಸತತವಾಗಿ ಮುಕ್ಕಾಲು ಎಂಒಎಯಷ್ಟು ಕೆಳಗೆ ಬೀಳುತ್ತಿದ್ದುದನ್ನು ಕಂಡು, ನಾನು ಅದನ್ನು 1.05ಕ್ಕೆ ಏರಿಸಿದೆ. ಅಂಕಿ ಕೂಡಿಬಂತು, ಗುಂಡು ನಡುವಿಗೆ ಬಂತು, ನನಗೆ ಸಮಾಧಾನವೂ ಆಯಿತು. ಮೂರು ತಿಂಗಳ ಬಳಿಕ ಅದೇ ಕೋವಿಯನ್ನು 600 ಗಜದ ಸ್ಪರ್ಧೆಗೆ ಒಯ್ದಾಗ ಗುಂಡುಗಳು ಮತ್ತೆ ಕಾಲು ಎಂಒಎ ಕೆಳಗೆ ಬಿದ್ದವು. ತಡೆಯ ರೇಖೆಯನ್ನು ಸಾವಿರ ಗಜಕ್ಕೆ ಸರಿಮಾಡಿದ್ದರೆ ಆರುನೂರಕ್ಕೂ ಅದು ಸರಿಹೊಂದಬೇಕಿತ್ತು. ಹೊಂದಲಿಲ್ಲವೆಂದರೆ ದೋಷ ಇರುವುದು ತಡೆಯಲ್ಲಲ್ಲ, ದೂರವನ್ನು ಲೆಕ್ಕಿಸದೆ ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿ ತಪ್ಪುತ್ತಿರುವ ಬೇರೆ ಯಾವುದರಲ್ಲೋ ಎಂದು ಅನುಮಾನ ಬಂತು.

ನೂರು ಗಜದಲ್ಲಿ ಎತ್ತರದ ಕಾಗದವೊಂದನ್ನು ತೂಗುಗುಂಡಿನಿಂದ ನೆಟ್ಟಗೆ ಕಟ್ಟಿ, ಕೆಳಗಿನ ಚುಕ್ಕೆಗೆ ಗುರಿಯಿಟ್ಟು ಹಾರಿಸಿ, ಬಳಿಕ ಟರೆಟ್ಟನ್ನು 30 ಎಂಒಎ ಮೇಲಕ್ಕೆ ತಿರುಗಿಸಿ ಅದೇ ಚುಕ್ಕೆಗೆ ಮತ್ತೆ ಹಾರಿಸಿದೆ. ಎರಡು ರಂಧ್ರಗುಂಪುಗಳ ನಡುವೆ 31.4 ಅಂಗುಲ ಇರಬೇಕಿತ್ತು, ಇದ್ದುದು 30.6. ಸ್ಕೋಪ್ ತಾನು ಹೇಳಿದ್ದಕ್ಕಿಂತ ನೂರಕ್ಕೆ ಎರಡೂವರೆ ಪಾಲು ಕಡಿಮೆ ತಿರುಗುತ್ತಿತ್ತು. 33 ಎಂಒಎ ತಿರುಗಿಸುವ ಜಾಗದಲ್ಲಿ ಆ ಕೊರತೆ ಮುಕ್ಕಾಲು ಎಂಒಎಗೆ ಸ್ವಲ್ಪ ಹೆಚ್ಚು. ನಾನು ಆಪ್‌ನ ಮೇಲೆ ಹೊರಿಸಿದ್ದ ತಪ್ಪು ಸರಿಯಾಗಿ ಅಷ್ಟೇ. ಹೊಂದಾಣಿಕೆಯ ಅಂಕಿಯನ್ನು 1ಕ್ಕೆ ಮರಳಿಸಿ, ಸ್ಕೋಪಿನ ಕೊರತೆಯನ್ನು ಕೋಷ್ಟಕದ ಪ್ರತಿ ಅಂಕಿಗೂ ಗುಣಿಸಿ ಬರೆದುಕೊಂಡ ಮೇಲೆ 600 ಮತ್ತು 1,000 ಎರಡೂ ಒಟ್ಟಿಗೆ ಕೂಡಿಬಂದವು. ಮೂರು ತಿಂಗಳು ನಾನು ಸರಿಯಾಗಿದ್ದುದನ್ನು ತಿದ್ದಿ ಕೆಡಿಸಿ, ಕೆಟ್ಟದ್ದನ್ನು ಮುಚ್ಚಿಟ್ಟಿದ್ದೆ. ಆದ್ದರಿಂದ ಈ ಹೊಂದಾಣಿಕೆಯ ಅಂಕಿಯ ಬಗ್ಗೆ ನನ್ನದೊಂದು ಗಟ್ಟಿ ಸಲಹೆ ಇದೆ: ವೇಗವನ್ನು ಅಳೆದು, ಸ್ಕೋಪನ್ನು ಕಾಗದದ ಮೇಲೆ ಪರೀಕ್ಷಿಸಿ, ಎರಡು ಬೇರೆ ಬೇರೆ ದೂರಗಳಲ್ಲಿ ಹೊಡೆದು ನೋಡುವ ತನಕ ಅದನ್ನು ಮುಟ್ಟಬೇಡಿ. ಹಾರ್ನಡಿಯವರ ರಾಡಾರ್ ರೇಖೆ ತಪ್ಪಿರುವ ಸಾಧ್ಯತೆಗಿಂತ ನಮ್ಮ ಕೈಯ ಉಪಕರಣ ತಪ್ಪಿರುವ ಸಾಧ್ಯತೆ ಬಹಳ ಹೆಚ್ಚು.

ಆಪ್‌ನ ಮಿತಿಗಳನ್ನೂ ಹೇಳಬೇಕು. ರಾಡಾರ್‌ನಿಂದ ಅಳೆದ ಗುಂಡುಗಳ ಪಟ್ಟಿ ಅದರ ಶಕ್ತಿಯೂ ಹೌದು, ಬೇಲಿಯೂ ಹೌದು. ಹಾರ್ನಡಿಯ ಗುಂಡುಗಳ ಜೊತೆಗೆ ಬೇರೆ ಕಂಪನಿಗಳ ಕೆಲವು ಹೆಸರಾಂತ ಗುಂಡುಗಳೂ ಅದರಲ್ಲಿವೆ. ಆದರೆ ನೀವು ಬಳಸುವ ಗುಂಡು ಪಟ್ಟಿಯಲ್ಲಿಲ್ಲವಾದರೆ ಹಳೆಯ ಬಿ.ಸಿ. ಅಂಕಿಯ ಲೆಕ್ಕಕ್ಕೇ ಮರಳಬೇಕು. ಆಗ ಈ ಆಪ್‌ಗೂ ಬೇರೆ ಆಪ್‌ಗೂ ಹೇಳಿಕೊಳ್ಳುವಂತಹ ಅಂತರ ಉಳಿಯುವುದಿಲ್ಲ. ನನ್ನ ಕ್ಲಬ್ಬಿನಲ್ಲಿ ಅನೇಕರು ಬ್ರಯಾನ್ ಲಿಟ್ಜ್ ಕಟ್ಟಿದ ಅಪ್ಲೈಡ್ ಬ್ಯಾಲಿಸ್ಟಿಕ್ಸ್ ಆಪ್ ಕಡೆಗೆ ಒಲಿದಿರುವುದು ಈ ಕಾರಣಕ್ಕೆ; ಅಲ್ಲಿಯೂ ಅಳೆದ ರೇಖೆಗಳಿವೆ, ಗುಂಡುಗಳ ಪಟ್ಟಿಯೂ ವಿಶಾಲ. ಫಿನ್ಲೆಂಡಿನ ಲಾಪುವಾ ಕಂಪನಿಯ ಉಚಿತ ಆಪ್ ನಾಲ್ಕರ ಬದಲು ಆರು ಡಿಗ್ರೀಸ್ ಆಫ್ ಫ್ರೀಡಮ್‌ನ ಲೆಕ್ಕವನ್ನು ಮಾಡುತ್ತದೆ, ಅದರ ಪೂರ್ಣ ಸೊಗಸು ಲಾಪುವಾದ ಗುಂಡುಗಳನ್ನು ಬಳಸುವವರಿಗೇ ಹೆಚ್ಚು. ಜೆಬಿಎಂ ಎಂಬ ಹಳೆಯ ಜಾಲತಾಣದ ಲೆಕ್ಕವನ್ನೂ ನಾನು ತಾಳೆಗಾಗಿ ಇಟ್ಟುಕೊಂಡಿದ್ದೇನೆ. ನನ್ನ 178 ಗ್ರೇನ್ ಗುಂಡಿಗೆ ಸಾವಿರ ಗಜದಲ್ಲಿ ಇವೆಲ್ಲವೂ ಒಂದಕ್ಕೊಂದು ಕಾಲು ಎಂಒಎ ಆಚೀಚೆ ಉತ್ತರ ಕೊಡುತ್ತವೆ. ಅಂದರೆ ಶಬ್ದದ ವೇಗಕ್ಕಿಂತ ಮೇಲಿರುವ ದೂರಗಳಲ್ಲಿ ಯಾವ ಆಪ್ ಎಂಬುದಕ್ಕಿಂತ ಅದಕ್ಕೆ ಏನು ತುಂಬಿದಿರಿ ಎಂಬುದೇ ದೊಡ್ಡ ಮಾತು. ಅಂತರ ಬೀಳುವುದು ಅದರಾಚೆ, ಸಾವಿರದ ಇನ್ನೂರು ಗಜದ ಮುಂದೆ. ಅಲ್ಲಿ ಉಕ್ಕಿನ ತಗಡಿಗೆ ಹೊಡೆದು ನೋಡಿದ ಕೆಲವು ದಿನಗಳಲ್ಲಿ 4ಡಿಒಎಫ್‌ನ ಉತ್ತರ ಜಿ1 ಲೆಕ್ಕಕ್ಕಿಂತ ನನ್ನ ಗುಂಡಿಗೆ ಸ್ಪಷ್ಟವಾಗಿ ಹತ್ತಿರವಿತ್ತು.

ಎಫ್ ಕ್ಲಾಸ್‌ನಂತಹ ಗೊತ್ತಾದ ದೂರದ ಸ್ಪರ್ಧೆಗಳಲ್ಲಿ ಅಂಕಕ್ಕೆ ಸೇರದ ಸೈಟರ್ ಗುಂಡುಗಳನ್ನು ಹೊಡೆದು ಸರಿಪಡಿಸಿಕೊಳ್ಳಲು ಅವಕಾಶವಿರುತ್ತದೆ. ಹಾಗಿರುವಾಗ ಆಪ್ ಏತಕ್ಕೆ ಎಂದು ನನ್ನನ್ನು ಹಲವರು ಕೇಳಿದ್ದಾರೆ. ಮೊದಲ ಸೈಟರ್ ಗುರಿಯ ಮೇಲೆಯೇ ಬೀಳದಿದ್ದರೆ ಎಷ್ಟು ಸರಿಪಡಿಸಬೇಕೆಂದೇ ತಿಳಿಯುವುದಿಲ್ಲ. ರಟೋನ್‌ನಲ್ಲಿ ನನಗಾದದ್ದು ಅದೇ. ಹೊಸ ಊರಿನ ರೇಂಜಿಗೆ, ಹೊಸ ಎತ್ತರಕ್ಕೆ ಹೋಗುವವರಿಗೆ ಈ ಆಪ್ ಕೊಡುವ ಮೊದಲ ಅಂಕಿ ಬಹಳ ಬೆಲೆಯುಳ್ಳದ್ದು. ವರ್ಷವಿಡೀ ಒಂದೇ ರೇಂಜಿನಲ್ಲಿ ಹೊಡೆಯುವವರಿಗೆ ಅವರ ನೋಟುಪುಸ್ತಕವೇ ಸಾಕು.

ಭಾರತದ ಓದುಗರಿಗೆ ಒಂದು ಮಾತು. ನಮ್ಮ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಹತ್ತು ಮೀಟರ್, ಐವತ್ತು ಮೀಟರ್ ಮತ್ತು ಬಿಗ್ ಬೋರ್‌ನ ಮುನ್ನೂರು ಮೀಟರ್ ವಿಭಾಗಗಳಿವೆ. ದೂರ ಮೊದಲೇ ಗೊತ್ತಿರುವ ಈ ವಿಭಾಗಗಳಲ್ಲಿ ಎತ್ತರದ ಲೆಕ್ಕಕ್ಕಾಗಿ ಆಪ್ ಅಗತ್ಯವಿಲ್ಲ. ಬೆಂಗಳೂರಿನಲ್ಲಿ .22 ರೈಫಲ್ಲಿನಿಂದ ಐವತ್ತು ಮೀಟರ್ ಪ್ರೋನ್ (ಬೋರಲು ಮಲಗಿ ಹೊಡೆಯುವ) ಅಭ್ಯಾಸ ಮಾಡುವ ನನ್ನ ಅಣ್ಣನ ಮಗ ಕಳೆದ ವರ್ಷ ಫೋನ್ ಮಾಡಿ, "ಚಿಕ್ಕಪ್ಪಾ, ನಾನೂ ಆ ಆಪ್ ಹಾಕ್ಕೊಳ್ಲಾ?" ಎಂದು ಕೇಳಿದ. ಬೇಡ ಎಂದೆ. ಆದರೆ ಅಡ್ಡಗಾಳಿ ಗುಂಡನ್ನು ಎತ್ತಿ ಇಳಿಸುವ ನಿಯಮ ಐವತ್ತು ಮೀಟರಿಗೂ ಅನ್ವಯಿಸುತ್ತದೆ, ಅವನ ನಳಿಗೆಯ ತಿರುವೂ ಬಲಕ್ಕೇ. ಹಾಗಾಗಿ ಗಾಳಿ ಎಡದಿಂದ ಬೀಸಿದಾಗ ಹೊಡೆದ ಗುಂಡುಗಳನ್ನೂ ಬಲದಿಂದ ಬೀಸಿದಾಗ ಹೊಡೆದವನ್ನೂ ಬೇರೆ ಬೇರೆ ಬಣ್ಣದ ಶಾಯಿಯಲ್ಲಿ ಒಂದೇ ಕಾಗದದ ಮೇಲೆ ಗುರುತಿಸುತ್ತ ಹೋಗು ಎಂದು ಹೇಳಿದೆ. ಎರಡು ವಾರದ ಬಳಿಕ ಅವನು ಆ ಕಾಗದದ ಚಿತ್ರ ಕಳುಹಿಸಿದ. ಕೆಂಪು ಚುಕ್ಕೆಗಳು ಎಡಕ್ಕೆ ತುಸು ಮೇಲೆ, ನೀಲಿ ಚುಕ್ಕೆಗಳು ಬಲಕ್ಕೆ ತುಸು ಕೆಳಗೆ, ನಡುವೆ ಹತ್ತರಿಂದ ನಾಲ್ಕಕ್ಕೆ ಎಳೆದಂತಹ ಓರೆಗೆರೆ. ಅದರ ಕೆಳಗೆ, ಹಾಗಾದರೆ ಗಾಳಿಗೆ ತಕ್ಕಂತೆ ಪಕ್ಕಕ್ಕೆ ಎರಡು ಕ್ಲಿಕ್ ತಿರುಗಿಸುವಾಗಲೆಲ್ಲ ಎತ್ತರವನ್ನೂ ಎಷ್ಟು ತಿರುಗಿಸಬೇಕು ಎಂದು ಬರೆದಿದ್ದ.